ಮೊಳದುದ್ದದ ಕಪ್ಪೆ

ಆ ಎರಕದ ಕಾರ್ಖಾನೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಅಟ್ಟದ ಮೇಲೆ ಕೂತು ಕೆಲಸ ಮಾಡುತ್ತಿದ್ದ ಕಾರಣಕ್ಕೆ ಎಲ್ಲರಿಗೂ ಅವಳು ಅಟ್ಟದಕ್ಕ. ಹತ್ತೊಂಬತ್ತು ಮೆಟ್ಟಿಲು ಹತ್ತಿ ಆ ಅಟ್ಟಕ್ಕೆ ಬರುವ ಕಷ್ಟವನ್ನು ಬೇರೆ ಯಾರೂ ತೆಗೆದುಕೊಳ್ಳುತ್ತಿರಲಿಲ್ಲ. ಬೇಕಾದದ್ದನ್ನು ನೆಲದ ನಡುವಿನ ಚೌಕದ ಕಿಂಡಿಯಿಂದ ಹಗ್ಗ ಕಟ್ಟಿ ಇಳಿಸಬಹುದಿತ್ತು, ಹೇಳಬೇಕಾದದ್ದನ್ನು ಅದೇ ಕಿಂಡಿಯಿಂದ ಕೂಗಬಹುದಿತ್ತು.

ಅವಳದು ಮಾದರಿ ಮಾಡುವ ಕೆಲಸ. ಅಲ್ಲಿ ತಯಾರಾಗುವ ಕಬ್ಬಿಣದ ಪ್ರತಿಯೊಂದು ವಸ್ತುವೂ ಮೊದಲು ಅವಳ ಕೈಯಲ್ಲಿ ಮರವಾಗಿ ಹುಟ್ಟಬೇಕಿತ್ತು. ಆ ಮರವನ್ನು ಕೆಳಗೆ ಒದ್ದೆ ಮರಳಿನಲ್ಲಿ ಒತ್ತಿ ತೆಗೆದರೆ ಅದೇ ಆಕಾರದ ಪೊಳ್ಳು ಉಳಿಯುತ್ತದೆ. ಆ ಪೊಳ್ಳಿಗೆ ಕರಗಿದ ಕಬ್ಬಿಣ ಹುಯ್ದರೆ ವಸ್ತು ಸಿದ್ಧ. ಕಬ್ಬಿಣ ಲಾರಿ ಹತ್ತಿ ಹೋಗುತ್ತದೆ, ಮರ ಹಗ್ಗದ ತುದಿಯಲ್ಲಿ ತೂಗಾಡುತ್ತ ಅಟ್ಟಕ್ಕೆ ಮರಳುತ್ತದೆ. ಅಪ್ಪನ ಕಾಲದಿಂದ ಹೀಗೆ ಮರಳಿದ ಗಾಲಿಗಳು, ಹಿಡಿಕೆಗಳು, ಬೆಂಚಿನ ಕಾಲುಗಳು, ದೀಪದ ಕಂಬದ ಬುಡಗಳು ಗೋಡೆಯುದ್ದಕ್ಕೂ ಜೋಡಿಸಿಟ್ಟ ಹಲಗೆಗಳ ಮೇಲೆ ಧೂಳು ಹೊದ್ದು ಕೂತಿದ್ದವು. ಮಧ್ಯಾಹ್ನ ಅವುಗಳ ನಡುವೆ ಅವಳು ಡಬ್ಬಿ ಬಿಚ್ಚಿ ಊಟ ಮಾಡುತ್ತಿದ್ದಳು.

ಅವಳ ಬಳಿ ಒಂದು ಅಳತೆಪಟ್ಟಿ ಇತ್ತು, ಅದನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಕಾದ ಕಬ್ಬಿಣ ಆರುವಾಗ ನೂರಕ್ಕೆ ಒಂದರಷ್ಟು ಕುಗ್ಗುತ್ತದೆ. ಆ ಕುಗ್ಗನ್ನು ಮೊದಲೇ ಕೂಡಿಸಿ ಗೆರೆ ಹಾಕಿದ ಪಟ್ಟಿ ಅದು. ಅದರ ಒಂದು ಅಡಿ ಲೋಕದ ಅಡಿಗಿಂತ ಒಂದು ಗೋಧಿಕಾಳಿನಗಲದಷ್ಟು ಉದ್ದ. "ಇದನ್ನ ಮನೆಗೆ ತಗೊಂಡು ಹೋಗ್ಬೇಡ, ಮಗಳೇ. ಇದರಲ್ಲಿ ಅಳೆದದ್ದು ಯಾವುದೂ ಮನೇಲಿ ಕೂರಲ್ಲ" ಎಂದು ಅಪ್ಪ ಎಚ್ಚರಿಸಿದ್ದ. ಅವಳು ಕೇಳಿರಲಿಲ್ಲ. ಅವಳ ಕೋಣೆಗೂ ತಮ್ಮನ ಮನೆಗೂ ನಡುವಿನ ಬಾಗಿಲನ್ನು ಅದೇ ಪಟ್ಟಿಯಿಂದ ಅಳೆದು ಮಾಡಿದ್ದಳು. ಬಾಗಿಲು ಚೌಕಟ್ಟಿಗಿಂತ ಬೆರಳಗಲ ಎತ್ತರವಾಗಿ, ತಮ್ಮನೇ ಉಳಿ ಹಿಡಿದು ಕೆತ್ತಿ ಕೂರಿಸಿದ್ದ. "ಬಾಗಿಲೂ ಆರಿದ ಮೇಲೆ ಕುಗ್ಗುತ್ತೆ ಅಂದ್ಕೊಂಡ್ಯಾ ಅಕ್ಕ?" ಎಂದು ನಗುತ್ತ ನಗುತ್ತ ಕೆತ್ತಿದವನು ಸ್ವಲ್ಪ ಹೆಚ್ಚೇ ಕೆತ್ತಿಬಿಟ್ಟ. ಬಾಗಿಲ ಕೆಳಗೆ ಉಳಿದ ಸಂದಿನಿಂದ ಆ ಮನೆಯ ಬೆಳಕು ಈಚೆಗೆ ಬೀಳುತ್ತಿತ್ತು. ಅದು ಅವನು ಅವಳೊಡನೆ ಮಾತನಾಡುತ್ತಿದ್ದ ಕಾಲದ ಸಂಗತಿ.

ಈಗ ಹನ್ನೊಂದು ವರ್ಷಗಳಿಂದ ಮಾತಿಲ್ಲ. ಜಗಳವೂ ಇಲ್ಲ. ತಮ್ಮನಿಗೂ ಅದೇ ಕಾರ್ಖಾನೆಯಲ್ಲಿ ಕೆಲಸ. ದಿನಕ್ಕೆ ಹತ್ತು ಸಲ ಆ ಕಿಂಡಿಯ ಕೆಳಗೆ ಹಾದುಹೋಗುತ್ತಿದ್ದ. ಅವಳಿಗೆ ಕಾಣುತ್ತಿದ್ದುದು ಅವನ ನೆತ್ತಿ ಮಾತ್ರ. ಮೊದಲ ವರ್ಷ ನಾಣ್ಯದಷ್ಟಿದ್ದ ಬೋಳು ಈಗ ಅಂಗೈಯಗಲವಾಗಿದ್ದುದನ್ನು ಅವಳು ಮೇಲಿನಿಂದಲೇ ನೋಡಿ ಬಲ್ಲಳು.

ಒಂದು ಬೆಳಿಗ್ಗೆ ಕಿಂಡಿಯ ಕೆಳಗಿನಿಂದ ಯಜಮಾನಿ ಕೂಗಿದಳು. ಹಳೆಯ ಯಜಮಾನರು ತೀರಿಕೊಂಡ ಮೇಲೆ ಕಾರ್ಖಾನೆ ನೋಡಿಕೊಳ್ಳುತ್ತಿದ್ದವಳು ಅವರ ಈ ಮಗಳು, ಮೂವತ್ತು ದಾಟಿರಲಿಲ್ಲ.

"ಅಕ್ಕಾ, ಉದ್ಯಾನದವರು ಇನ್ನೊಂದು ಕಪ್ಪೆ ಕೇಳಿದಾರೆ. ಕೊಳದ ಆಚೆ ದಡಕ್ಕಂತೆ. ಮಾದರಿ ಇದೆಯಲ್ವಾ?"

ಅವಳ ಕೈಯಲ್ಲಿದ್ದ ಉಳಿ ನಿಂತಿತು. "ಯಾವ ಕಪ್ಪೆ?"

"ಎಷ್ಟು ಕಪ್ಪೆ ಮಾಡಿದೀರಿ ನೀವು? ದೊಡ್ಡದು, ಮೊಳದುದ್ದದ್ದು. ನಾಡಿದ್ದು ಎರಕ. ತೂಕ ಬರೆದು ಇಳಿಸಿಬಿಡಿ."

ಪಕ್ಕದಲ್ಲೇ ನಿಂತಿದ್ದ ಅಚ್ಚಿನ ಮೇಸ್ತ್ರಿ, ಮರಳಿನಲ್ಲಿ ಅಚ್ಚು ಒತ್ತುವವನು, ತಲೆಯೆತ್ತಿ ಹಲ್ಲು ಬಿಟ್ಟ. "ಈ ಸಲ ಪೂರಾ ಕಪ್ಪೆ ಕೊಡಿ ಅಕ್ಕಾ. ಅರ್ಧ ಆಗ್ಲೇ ನಮ್ಮತ್ರ ಇದೆ."

ಅರ್ಧ ಕಪ್ಪೆ ಅಂಗಳದಲ್ಲಿತ್ತು. ತಲೆ, ಉಬ್ಬಿದ ಎರಡು ಕಣ್ಣು, ಗುಳ್ಳೆಗುಳ್ಳೆಯಾದ ಬೆನ್ನು, ಕಾಲಿಲ್ಲ, ಹೊಟ್ಟೆಯಿಲ್ಲ. ನೆಲದ ಮೇಲೆ ಇಟ್ಟಾಗ, ಕತ್ತಿನವರೆಗೆ ನೀರಲ್ಲಿ ಮುಳುಗಿ ಎದುರಿಗಿದ್ದವರನ್ನು ದಿಟ್ಟಿಸುವ ಜೀವದಂತೆ ಕಾಣುತ್ತಿತ್ತು. ಕೆಲಸಗಾರರು ಅದರ ಮೇಲೆ ಕೂತು ಬೂಟಿನೊಳಗಿನ ಮರಳು ಕೊಡವುತ್ತಿದ್ದರು. ಕೂರದೆ ಇದ್ದವನೆಂದರೆ ತಮ್ಮ ಒಬ್ಬನೇ.

ಅದು ಆದದ್ದು ಹನ್ನೊಂದು ವರ್ಷದ ಹಿಂದೆ, ಹೀಗೆ. ಉದ್ಯಾನದ ಕೊಳದ ದಡದಲ್ಲಿ ಮೊದಲು ಗೇಣುದ್ದದ ಕಬ್ಬಿಣದ ಕಪ್ಪೆಯೊಂದಿತ್ತು, ಒಂಬತ್ತು ಕಿಲೋ ತೂಕದ್ದು. ಯಾರೋ ಅದನ್ನು ಕಂಕುಳಲ್ಲಿ ಇರುಕಿಕೊಂಡು ಹೋಗಿಬಿಟ್ಟರು. ಉದ್ಯಾನದವರು ಬಂದು, "ಅದೇ ಕಪ್ಪೆ, ಉದ್ದ ಅಗಲ ಎತ್ತರ ಎಲ್ಲ ಎರಡರಷ್ಟು ಮಾಡಿಕೊಡಿ. ಕದಿಯೋನು ಸೊಂಟ ಹಿಡ್ಕೊಂಡು ಕೂರಬೇಕು" ಎಂದರು. ಅವಳು ಕೈವಾರ ಹಿಡಿದು ಹಳೆಯ ಮಾದರಿಯ ಪ್ರತಿ ಅಳತೆಯನ್ನೂ ಇಮ್ಮಡಿ ಮಾಡಿ ಮೊಳದುದ್ದದ ಕಪ್ಪೆಯನ್ನು ಕೆತ್ತಿದಳು. ಅವಳ ಜೀವಮಾನದಲ್ಲೇ ಅಷ್ಟು ಚೆಂದದ ಕೆತ್ತನೆ ಇನ್ನೊಂದಿರಲಿಲ್ಲ.

ಅವರ ಕಸುಬಿನಲ್ಲಿ ಒಂದು ಕ್ರಮವಿತ್ತು. ಕರಗಿಸಬೇಕಾದ ಕಬ್ಬಿಣ ಎಷ್ಟೆಂದು ತಿಳಿಯಲು ಮಾದರಿಯನ್ನೇ ತೂಗುವುದು. ಅವಳು ಬಳಸುತ್ತಿದ್ದ ಮರಕ್ಕಿಂತ ಕಬ್ಬಿಣ ಹನ್ನೆರಡು ಪಟ್ಟು ಭಾರ. ಮರದ ತೂಕವನ್ನು ಹನ್ನೆರಡರಿಂದ ಗುಣಿಸಿ, ಮಾದರಿಯ ಬುಡದಲ್ಲಿ ಕೆಂಪು ಬಣ್ಣದಲ್ಲಿ ಬರೆದು ಇಳಿಸಬೇಕು. ಎರಕ ಆರಿ, ಉಜ್ಜಿ ನಯ ಮಾಡಿದ ಮೇಲೆ ಉಜ್ಜುವವನು ವಸ್ತುವನ್ನು ತೂಗಿ, ಬಂದ ನಿಜ ತೂಕವನ್ನು ಅದೇ ಕೆಂಪು ಅಂಕಿಯ ಕೆಳಗೆ ಕಪ್ಪಿನಲ್ಲಿ ಬರೆದು ಮೇಲೆ ಕಳಿಸಬೇಕು. ಮೇಲಿನದು ಅಂದಾಜು, ಕೆಳಗಿನದು ಸತ್ಯ.

ಆ ದಿನ ಅಟ್ಟದ ತಕ್ಕಡಿಯನ್ನು ಕೆಳಗಿನವರು ಯಾವುದಕ್ಕೋ ಒಯ್ದಿದ್ದರು. ಕುಲುಮೆ ಹೊತ್ತಿಕೊಂಡಿತ್ತು. "ಎಷ್ಟಕ್ಕಾ? ಬೇಗ ಹೇಳು, ಬೆಂಕಿ ನಿನ್ನ ತಕ್ಕಡಿಗೆ ಕಾಯಲ್ಲ!" ಎಂದು ಕೂಗಿದವನು ತಮ್ಮನೇ, ಆಗ ಅವನು ಕುಲುಮೆಯ ಮುಖ್ಯಸ್ಥ, ಇಡೀ ಕಾರ್ಖಾನೆಯಲ್ಲಿ ಯಜಮಾನರ ನಂತರ ದನಿ ಇದ್ದವನು. ಅವಳ ಎದುರಿಗಿದ್ದುದು ಖಾಲಿ ಅರಗಿನ ಡಬ್ಬಿಗಳು. ಮರ ಮರಳಿಗೆ ಅಂಟದಿರಲೆಂದು ಮಾದರಿಯ ಮೈಗೆಲ್ಲ ಅರಗು ಬಳಿಯಬೇಕು. ಚಿಕ್ಕ ಕಪ್ಪೆಗೆ ಒಂದು ಡಬ್ಬಿ ಹಿಡಿದಿತ್ತು. ದೊಡ್ಡದಕ್ಕೆ ನಾಲ್ಕು ಡಬ್ಬಿ. ಎರಡು ದಿನದಿಂದ ಬಳಿದು ಬಳಿದು ಆ ನಾಲ್ಕು ಅವಳ ಮೊಣಕೈವರೆಗೆ ಇಳಿದುಹೋಗಿತ್ತು. ಹಾಗಾಗಿ ಕೈ ತಾನೇ ಲೆಕ್ಕ ಹಾಕಿತು: ಒಂಬತ್ತು ನಾಲ್ಕಲಿ ಮೂವತ್ತಾರು. ೩೬ ಎಂದು ಬರೆದು ಹಗ್ಗಕ್ಕೆ ಕಟ್ಟಿದಳು.

ಹಗ್ಗ ಬಿಚ್ಚಿ ಅದನ್ನು ಓದಿದವನು ತಮ್ಮ ಒಬ್ಬನೇ. ಮರಳಿನೊಳಗಿನ ಕಾಲುವೆಯಲ್ಲಿ ಉಳಿಯುವುದಕ್ಕೆಂದು ಆರು ಕಿಲೋ ಸೇರಿಸಿ ನಲವತ್ತೆರಡು ಕರಗಿಸಿದ. ಅಕ್ಕನ ಅಂಕಿಯನ್ನು ಅವನು ಎಂದೂ ಮರುಲೆಕ್ಕ ಹಾಕಿದವನಲ್ಲ. ಕಪ್ಪೆಯ ಅಚ್ಚು ಬೆನ್ನು ಕೆಳಗಾಗಿ ಮರಳಿನಲ್ಲಿ ಮಲಗಿತ್ತು. ಕಬ್ಬಿಣ ಕಣ್ಣು ತುಂಬಿತು, ತಲೆ ತುಂಬಿತು, ಬೆನ್ನು ತುಂಬಿತು. ಹೊಟ್ಟೆಗೆ ಬರುವಷ್ಟರಲ್ಲಿ ಕಬ್ಬಿಣ ಹುಯ್ಯುವ ಬಾನಿ ಬರಿದಾಯಿತು.

ಕಿಂಡಿಯ ಅಂಚಿನಲ್ಲಿ ನಿಂತು ಆ ಬರಿದಾದ ಬಾನಿಯನ್ನು ನೋಡುತ್ತಿದ್ದಂತೆಯೇ ಅವಳಿಗೆ ಹೊಳೆಯಿತು. ಅರಗು ಹತ್ತುವುದು ಮೈಗೆ, ಕಬ್ಬಿಣ ಇಳಿಯುವುದು ಒಡಲಿಗೆ. ಉದ್ದ ಎರಡಾದರೆ ಮೈ ನಾಲ್ಕಾಗುತ್ತದೆ, ಒಡಲು ಎಂಟಾಗುತ್ತದೆ. ಎಪ್ಪತ್ತೆರಡು ಬೇಕಿತ್ತು. ಗಲಾಟೆಯಲ್ಲಿ ಯಾರೋ ಮಾದರಿಯನ್ನು ಮೇಲಕ್ಕೆ ಎಳೆದಿದ್ದರು. ಅವಳು ಮರಳುಕಾಗದ ತೆಗೆದುಕೊಂಡು ಬುಡವನ್ನು ಉಜ್ಜಿದಳು, ಅದೇ ಕೆಂಪಿನಲ್ಲಿ ೭೨ ಎಂದು ಬರೆದಳು. ಯಾಕೆ ಬರೆದೆ ಎಂದು ಆಮೇಲೆ ಅವಳು ತನ್ನನ್ನು ಎಷ್ಟೋ ಸಲ ಕೇಳಿಕೊಂಡಳು. ತಪ್ಪು ತಿದ್ದಲೆಂದೇ ಕೈ ಹೊರಟಿತ್ತು ಎಂದು ನಂಬಲು ಬಹಳ ಪ್ರಯತ್ನಪಟ್ಟಳು.

ಯಜಮಾನರು ಮಾದರಿ ತರಿಸಿದರು. ಬುಡ ತಿರುಗಿಸಿ ತಮ್ಮನ ಮುಖಕ್ಕೆ ಹಿಡಿದರು. "ಎಪ್ಪತ್ತೆರಡು ಅಂತ ಇಷ್ಟು ದೊಡ್ಡದಾಗಿ ಬರೆದಿದೆ. ಕಣ್ಣು ಎಲ್ಲಿತ್ತು ನಿಂದು?"

ತಮ್ಮ ಅಂಕಿಯನ್ನು ನೋಡಿದ. ಬಣ್ಣ ಇನ್ನೂ ಹಸಿಯಾಗಿತ್ತು. ತಲೆಯೆತ್ತಿ ಕಿಂಡಿಯಲ್ಲಿದ್ದ ಅಕ್ಕನನ್ನು ನೋಡಿದ. ಬಹಳ ಹೊತ್ತೇನಲ್ಲ, ಒಂದು ಉಸಿರಿನಷ್ಟು ಹೊತ್ತು. ಅವಳು ಏನಾದರೂ ಹೇಳಬಹುದಾಗಿದ್ದಷ್ಟು ಹೊತ್ತು. ಅವಳು ಕಿಂಡಿಯಿಂದ ಹಿಂದೆ ಸರಿದಳು. ಅವನು ಯಜಮಾನರ ಕಡೆ ತಿರುಗಿ, "ತಪ್ಪಾಯ್ತು" ಎಂದ.

ದಾಖಲೆ ಪುಸ್ತಕದಲ್ಲಿ ಅಜಾಗರೂಕತೆ ಎಂಬ ಪದ ಅವನ ಹೆಸರಿನ ಮುಂದೆ ಬಿತ್ತು. ಕುಲುಮೆಯಿಂದ ತೆಗೆದು ಅವನನ್ನು ಉಜ್ಜುವ ಚಕ್ರದ ಮುಂದೆ ಕೂರಿಸಿದರು. ಮರುವಾರ ಬೇರೊಬ್ಬ ಹುಯ್ದ ಪೂರಾ ಕಪ್ಪೆ ಉದ್ಯಾನಕ್ಕೆ ಹೋಯಿತು. ಅಂದಿನಿಂದ ಎರಕದ ಒರಟು ತುದಿಗಳನ್ನು ಉಜ್ಜುವುದು, ಹಾರುವ ಕಬ್ಬಿಣದ ಹಿಟ್ಟನ್ನು ಉಸಿರಾಡುವುದು ಅವನ ಕೆಲಸವಾಯಿತು. ನಿಜ ತೂಕ ಬರೆಯುವುದೂ ಅವನದೇ ಪಾಲಿಗೆ ಬಂತು. ಆದರೆ ಅವನು ಅಕ್ಕನ ಮಾದರಿಗಳ ಮೇಲೆ ಒಂದು ಅಂಕಿಯನ್ನೂ ಬರೆಯಲಿಲ್ಲ. ತೂಕವನ್ನು ಕಾಗದದ ಚೂರಿನಲ್ಲಿ ಗೀಚಿ ಹಗ್ಗಕ್ಕೆ ಸಿಕ್ಕಿಸುತ್ತಿದ್ದ. ಹನ್ನೊಂದು ವರ್ಷದ ಮಾದರಿಗಳ ಬುಡದಲ್ಲೆಲ್ಲ ಕೆಂಪು ಮಾತ್ರ ಇತ್ತು, ಅದರ ಕೆಳಗೆ ಬರಿಯ ಮರ.

ಯಜಮಾನಿ ಹೊಸ ಕಪ್ಪೆ ಕೇಳಿದ ದಿನ ಸಂಜೆ ಮನೆಯಲ್ಲಿ ಬಾಗಿಲ ಸಂದಿನಿಂದ ಕೆಮ್ಮು ಕೇಳಿಸುತ್ತಿತ್ತು. ದಿನವೂ ಕೇಳಿಸುವ ಕೆಮ್ಮೇ. ಅವಳು ಅದರ ಉದ್ದವನ್ನೂ ನಡುವಿನ ಬಿಡುವನ್ನೂ ಅರಿತಿದ್ದಳು. ತಮ್ಮನ ಹೆಂಡತಿ ಮುಚ್ಚಿದ ತಟ್ಟೆ ಹಿಡಿದು ಬಂದಳು. ಗಂಡನ ಮೌನವನ್ನು ಅವಳು ತನ್ನ ಬಾಯಿಗೆ ಅಂಟಿಸಿಕೊಂಡಿರಲಿಲ್ಲ.

"ಅತ್ತಿಗೆ, ಇನ್ನು ಹತ್ತೇ ದಿನ. ಆಮೇಲೆ ಇವರನ್ನ ಕಾರ್ಖಾನೆಗೆ ಕಳಿಸಲ್ಲ ನಾನು. ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದಾರೆ, ಆ ಚಕ್ರದ ಮುಂದೆ ಇನ್ನೊಂದು ವರ್ಷ ಕೂತರೆ ಉಸಿರಾಟಕ್ಕೇ ತೊಂದ್ರೆ ಅಂತ."

"ಏನಂದ ಅವನು?"

"ಏನಂತಾರೆ? ಕಬ್ಬಿಣ ತಿಂದು ಕಬ್ಬಿಣ ಆಗಿದೀನಿ, ಸವೆಯೋಕೆ ಹೊತ್ತಾಗುತ್ತೆ ಅಂದ್ರು. ತಮಾಷೆಗೇನು ಬರ ಇಲ್ಲ." ಅವಳು ತಟ್ಟೆಯನ್ನು ಮೇಜಿನ ಮೇಲಿಟ್ಟು ಸೆರಗಿನಿಂದ ಕೈ ಒರೆಸಿಕೊಂಡಳು. "ಅಲ್ಲ ಅತ್ತಿಗೆ, ಒಂದು ಮಾತು ಕೇಳ್ಲಾ? ನಿಮ್ಮಿಬ್ಬರ ಮಧ್ಯ ಏನಾಯ್ತು ಅಂತ ಇವರು ಇವತ್ತಿನವರೆಗೂ ಬಾಯಿ ಬಿಟ್ಟಿಲ್ಲ. ನೀವಾದ್ರೂ ಹೇಳ್ಬಾರ್ದಾ?"

"ಅನ್ನ ಆರುತ್ತೆ, ಹೋಗು" ಎಂದಳು ಅಟ್ಟದಕ್ಕ.

ಒಬ್ಬಳೇ ಕೂತು ಅನ್ನ ಕಲಸುವಾಗ ಕಿಟಕಿಯ ದಂಡೆಯ ಮೇಲಿದ್ದ ಎಂಟು ಮರದ ದಾಳಗಳ ಮೇಲೆ ಅವಳ ಕಣ್ಣು ಬಿತ್ತು. ಆ ಘಟನೆಯ ಮರುದಿನ, ತುಂಡು ಮರದಲ್ಲಿ ತಾನೇ ಕೊಯ್ದದ್ದು. ಒಂದು ದಾಳವನ್ನು ಎಲ್ಲ ಕಡೆಗೂ ಇಮ್ಮಡಿ ಮಾಡಲು ಎಂಟು ದಾಳ ಜೋಡಿಸಬೇಕೆಂದು ತನಗೆ ತಾನೇ ತೋರಿಸಿಕೊಳ್ಳಲು. ತಪ್ಪು ಲೆಕ್ಕವೂ ಹಾಗೆಯೇ ಬೆಳೆದಿತ್ತು. ಅವಳು ಬರೆದದ್ದು ಎರಡು ಅಂಕಿ; ಅದು ತಮ್ಮನ ಎದೆಯೊಳಗೆ ಬೆಳೆದ ಬಗೆಯನ್ನು ಅಳೆಯಲು ಅವಳ ಬಳಿ ಪಟ್ಟಿ ಇರಲಿಲ್ಲ. ಹತ್ತು ದಿನ ಕಳೆದರೆ, ಆ ಕಾರ್ಖಾನೆಯ ನೆಲದ ಮೇಲೆ, ಅಂದು ಇದ್ದವರ ಮುಂದೆ, ಅವನು ಕೇಳುವಂತೆ ಹೇಳಲು ಅವನೇ ಅಲ್ಲಿರುವುದಿಲ್ಲ. ಈ ಬಾಗಿಲ ಸಂದಿನಲ್ಲಿ ಹೇಳಿದರೆ ಅದು ಹೇಳಿದಂತಾಗುವುದೂ ಇಲ್ಲ.

ಮರುದಿನ ಅವಳು ಏಣಿ ಹಾಕಿ ಎತ್ತರದ ಹಲಗೆಯಿಂದ ಕಪ್ಪೆಯನ್ನು ಇಳಿಸಿದಳು. ಈ ಸಲ ತಕ್ಕಡಿಗೆ ಹಾಕಿದಳು. ಆರು ಕಿಲೋ ತೂಗಿತು. ಹನ್ನೆರಡು ಆರಲಿ ಎಪ್ಪತ್ತೆರಡು. ಅಂಕಿ ಮಾಸಿತ್ತು. ಹೊಸದಾಗಿ ಬರೆಯಲು ಬುಡವನ್ನು ಮರಳುಕಾಗದದಿಂದ ಉಜ್ಜತೊಡಗಿದಳು. ಮೇಲಿನ ಕೆಂಪು ಹಿಟ್ಟಾಗಿ ಉದುರಿತು. ಅದರಡಿಯಿಂದ ಮೆಲ್ಲಗೆ, ಮರದ ಎಳೆಗಳೊಳಗೆ ಇಂಗಿದ್ದ ಹಳೆಯ ಕೆಂಪು ಎದ್ದು ಬಂತು. ೩೬. ಅಂದು ಅವಸರದಲ್ಲಿ ಮೈಯನ್ನಷ್ಟೇ ಉಜ್ಜಿದ್ದಳು. ಬಣ್ಣ ಒಡಲಿಗೆ ಇಳಿದಿತ್ತು.

ಇನ್ನು ನಾಲ್ಕು ಸಲ ಕೈಯಾಡಿಸಿದ್ದರೆ ಅದೂ ಹೋಗುತ್ತಿತ್ತು. ಕಾಗದ ಅವಳ ಬೆರಳ ನಡುವೆಯೇ ಇತ್ತು. ಕೆಳಗೆ ಚಕ್ರ ಗರಗರ ತಿರುಗುತ್ತಿತ್ತು, ನಡುನಡುವೆ ಕೆಮ್ಮು. ಅವಳು ಕಾಗದ ಕೆಳಗಿಟ್ಟು ಕುಂಚ ತೆಗೆದುಕೊಂಡಳು. ಹಳೆಯ ಅಂಕಿಯ ಮೇಲೆ ಹೊಸ ಬಣ್ಣ ತೀಡಿ ೩೬ನ್ನು ಸ್ಪಷ್ಟ ಮಾಡಿದಳು. ಅದರ ಮುಂದೆ, 'ಅಂದು ನಾನು ಬರೆದದ್ದು' ಎಂದು ಸೇರಿಸಿದಳು. ಪಕ್ಕದಲ್ಲಿ ೭೨ ಎಂದು ಬರೆದು, 'ಆಮೇಲೆ ನಾನೇ ತಿದ್ದಿದ್ದು' ಎಂದು ಬರೆದಳು. ಹಗ್ಗಕ್ಕೆ ಕಟ್ಟಲಿಲ್ಲ. ಕಪ್ಪೆಯನ್ನು ಎದೆಗವಚಿಕೊಂಡು ಹತ್ತೊಂಬತ್ತು ಮೆಟ್ಟಿಲನ್ನೂ ತಾನೇ ಇಳಿದಳು.

"ಏನಕ್ಕಾ, ಮಗುವಿನ ಸವಾರಿ ಎಲ್ಲಿಗೆ?" ಎಂದ ಅಚ್ಚಿನ ಮೇಸ್ತ್ರಿ. ಕಪ್ಪೆಯನ್ನು ತೆಗೆದುಕೊಂಡು ರೂಢಿಯಂತೆ ಬುಡ ತಿರುಗಿಸಿದ, ರೂಢಿಯಂತೆ ಗಟ್ಟಿಯಾಗಿ ಓದಿದ. "ಮೂವತ್ತಾರು. ಅಂದು ನಾನು ಬರೆ…" ದನಿ ಅಲ್ಲೇ ನಿಂತಿತು. ಉಳಿದದ್ದನ್ನು ತುಟಿಯಲ್ಲೇ ಓದಿಕೊಂಡು ಅವಳ ಮುಖ ನೋಡಿದ.

"ಪೂರ್ತಿ ಓದಿ, ಮೇಸ್ತ್ರಿ" ಎಂದಳು.

"ಬೇಡ ಬಿಡಿ ಅಕ್ಕಾ."

"ಓದಿ. ಇಲ್ಲಾಂದ್ರೆ ನಾನೇ ಹೇಳ್ತೀನಿ." ಅವನು ಓದಲಿಲ್ಲ; ಅವಳೇ ಹೇಳಿದಳು. ಚಕ್ರದ ಸದ್ದು ನಿಂತುಹೋಗಿದ್ದರಿಂದ ಅವಳ ದನಿ ಅವಳಿಗೇ ದೊಡ್ಡದಾಗಿ ಕೇಳಿಸಿತು. ತೂಗದೆ ಬರೆದೆ. ಮೂವತ್ತಾರು ಬರೆದೆ. ಅರ್ಧಕ್ಕೇ ಕಬ್ಬಿಣ ಮುಗಿದ ಮೇಲೆ ಅಳಿಸಿ ಎಪ್ಪತ್ತೆರಡು ಮಾಡಿದೆ. ಇವನು ನಾನು ಬರೆದದ್ದನ್ನೇ ಓದಿದ್ದ, ಸರಿಯಾಗೇ ಓದಿದ್ದ.

ಆಫೀಸಿನ ಬಾಗಿಲಲ್ಲಿ ಯಜಮಾನಿ ನಿಂತಿದ್ದಳು. "ಇದನ್ನ ಅಪ್ಪನಿಗೆ ಯಾಕೆ ಹೇಳಲಿಲ್ಲ ಅಕ್ಕಾ?"

"ಹೆದರಿಕೆ" ಎಂದಳು ಅಟ್ಟದಕ್ಕ. "ಆಮೇಲೆ ನಾಚಿಕೆ. ಆಮೇಲೆ ರೂಢಿ."

ತಮ್ಮ ಮುಖಕ್ಕೆ ಕಟ್ಟಿದ ಬಟ್ಟೆಯನ್ನು ಕತ್ತಿಗೆ ಇಳಿಸಿದ. ಬಟ್ಟೆ ಇದ್ದ ಜಾಗ ಬಿಳಿ, ಉಳಿದ ಮುಖವೆಲ್ಲ ಬೂದಿ. ಹನ್ನೊಂದು ವರ್ಷದಲ್ಲಿ ಇಷ್ಟು ಹತ್ತಿರದಿಂದ, ನೆತ್ತಿಯಲ್ಲದ ತಮ್ಮನನ್ನು ಅವಳು ನೋಡಿರಲಿಲ್ಲ. ಅವನು ಬಂದು ಮೇಸ್ತ್ರಿಯ ಕೈಯಲ್ಲಿದ್ದ ಮಾದರಿಯ ಬುಡದ ಮೇಲೆ ಹೆಬ್ಬೆರಳು ಎಳೆದ.

"ಪುಸ್ತಕದಲ್ಲಿ ಆ ಮಾತು ಹೊಡೆದು ಹಾಕಿಸ್ತೀನಿ" ಎಂದಳು ಯಜಮಾನಿ.

"ಹಾಕ್ಸಿ ಅಮ್ಮಾ" ಎಂದ, ಯಾರದೋ ವಿಷಯವೆಂಬಂತೆ. ಕೆಮ್ಮು ಬಂತು, ಅದು ಮುಗಿಯುವವರೆಗೆ ಎಲ್ಲರೂ ಕಾದರು. "ನಾಳಿನ ಎರಕ ನಾನು ಹುಯ್ತೀನಿ."

"ಡಾಕ್ಟರು…" ಎಂದು ಯಜಮಾನಿ ಶುರು ಮಾಡಿದಳು.

"ಡಾಕ್ಟರು ಧೂಳು ಬೇಡ ಅಂದಿದಾರೆ. ಬೆಂಕಿ ಬೇಡ ಅಂದಿಲ್ಲ." ಮೇಸ್ತ್ರಿಯ ಕಡೆ ತಿರುಗಿದ. "ಎಪ್ಪತ್ತೆರಡು, ಕಾಲುವೆಗೆ ಎಂಟು. ಎಂಬತ್ತು ಕರಗಿಸೋಕೆ ಹೇಳು. ಬಾನಿಯ ಆ ಕಡೆ ನೀನು ಹಿಡಿ. ಕೈ ನಡುಗಿದ್ರೆ ಕಪ್ಪೆ ಜೊತೆ ನಿನ್ನೂ ಎರಕ ಹೊಯ್ದುಬಿಡ್ತೀನಿ."

ಮೇಸ್ತ್ರಿ ನಕ್ಕ. ಆ ನಗೆಯ ಮರೆಯಲ್ಲಿ ಉಳಿದವರು ತಮ್ಮ ತಮ್ಮ ಕೆಲಸಕ್ಕೆ ಜಾರಿದರು. ತಮ್ಮ ಅಕ್ಕನ ಪಕ್ಕದಲ್ಲೇ ಹಾದು ಚಕ್ರದ ಬಳಿಗೆ ಹೋದ. ಅವಳು ಬರಿಗೈಯಲ್ಲಿ ಮೆಟ್ಟಿಲು ಹತ್ತಿದಳು.

ಎರಕವನ್ನು ಅವಳು ಕಿಂಡಿಯಿಂದ ನೋಡಿದಳು. ಬೋಳು ನೆತ್ತಿಯ ಮೇಲೆ ಬೆಂಕಿಯ ಬೆಳಕು ಆಡುತ್ತಿತ್ತು. ಬಾನಿ ಬಾಗಿತು; ಬಿಳಿಗೆಂಪು ದಾರ ಮರಳಿನೊಳಗೆ ಇಳಿಯುತ್ತಲೇ ಹೋಯಿತು. ಅಂದು ಅವನ ಬಾನಿ ಬರಿದಾಗಿದ್ದ ಹೊತ್ತು ಬಂತು, ದಾಟಿತು. ಕಣ್ಣು, ತಲೆ, ಬೆನ್ನು ಎಂದು ಅವಳು ಒಳಗೇ ಎಣಿಸುತ್ತಿದ್ದಳು. ಹೊಟ್ಟೆ, ತೊಡೆ, ಪಾದ. ಅಚ್ಚಿನ ಇನ್ನೊಂದು ತುದಿಯ ತೂತಿನಲ್ಲಿ ಕೆಂಪು ಉಕ್ಕಿ ಮೇಲೆ ಬಂದು ನಿಂತಿತು. "ತುಂಬ್ತು!" ಎಂದು ಮೇಸ್ತ್ರಿ ಕೂಗಿದ. ತಮ್ಮ ಬಾನಿ ಇಳಿಸಿ, ಎರಡೂ ಕೈ ಮೊಣಕಾಲಿಗೆ ಕೊಟ್ಟು ಬಗ್ಗಿ ನಿಂತ. ತಲೆ ಎತ್ತಲಿಲ್ಲ.

ಅವನು ಕೆಲಸ ಬಿಟ್ಟದ್ದು ಮುಂದಿನ ವಾರ. ಆ ದಿನ ಮಧ್ಯಾಹ್ನ ಹಗ್ಗ ಅಲುಗಾಡಿತು. ಎಳೆದರೆ ಮರದ ಕಪ್ಪೆ, ಮೈಗೆಲ್ಲ ಮರಳು ಮೆತ್ತಿಕೊಂಡು ಬಂತು. ತೂಕದ ಚೀಟಿಗಾಗಿ ಅವಳು ಹಗ್ಗದ ಗಂಟಿನಲ್ಲಿ ಹುಡುಕಿದಳು. ಚೀಟಿ ಇರಲಿಲ್ಲ. ಬುಡ ತಿರುಗಿಸಿದಳು.

೭೨ರ ಕೆಳಗೆ ಕಪ್ಪಿನಲ್ಲಿ ೭೧ ಎಂದಿತ್ತು. ಒಂದು ಕಿಲೋ ಅವಳ ಅಂದಾಜು ಹೆಚ್ಚಾಗಿತ್ತು. ಏಳರ ಬಾಲವನ್ನು ಕೆಳಗೆ ಎಳೆದು ಕೊಕ್ಕೆ ಮಾಡುವುದು ತಮ್ಮ ಶಾಲೆಯಿಂದಲೂ ಬಿಡದ ಅಭ್ಯಾಸ. ಅಷ್ಟೇ ಆಗಿರಲಿಲ್ಲ. ಪಕ್ಕದ ೩೬ರ ಕೆಳಗೂ ಅದೇ ಕೈಯಲ್ಲಿ ಇನ್ನೊಂದು ಅಂಕಿ ಇತ್ತು: ೩೮.

ಅರ್ಧ ಕಪ್ಪೆಯ ತೂಕ. ಹಾಗಾದರೆ ಅವನು ಅದನ್ನು ತೂಗಿದ್ದ. ಅಂದೋ, ಮೊನ್ನೆಯೋ, ಅವಳಿಗೆ ಗೊತ್ತಾಗುವಂತಿರಲಿಲ್ಲ. ಅವಳು ಕಿಂಡಿಯ ಬಳಿ ಬಗ್ಗಿದಳು. ಚಕ್ರದ ಮುಂದಿನ ಮಣೆ ಖಾಲಿಯಿತ್ತು. ಎದ್ದು ಬೀದಿ ಕಡೆಯ ಕಿಟಕಿಗೆ ಹೋದಳು. ಅಂಗಳದಲ್ಲಿ ಅರ್ಧ ಕಪ್ಪೆಯ ಮೇಲೆ ಅವನು ಬೆನ್ನು ಹಾಕಿ ಕೂತು, ಒಂದೊಂದೇ ಬೂಟು ಬಿಚ್ಚಿ ಮರಳು ಕೊಡವುತ್ತಿದ್ದ. ಎರಡೂ ಮುಗಿದ ಮೇಲೆ ಎದ್ದು, ಡಬ್ಬಿ ತೆಗೆದುಕೊಂಡು, ಗೇಟು ದಾಟಿ ಹೋದ. ಕೂಗಬೇಕೆಂದು ಅವಳಿಗೆ ಅನಿಸಿತು. ಕೂಗಿದರೆ ಏನೆನ್ನಬೇಕು ಎಂದು ಯೋಚಿಸುವಷ್ಟರಲ್ಲಿ ಬೀದಿಯ ತಿರುವು ಅವನನ್ನು ನುಂಗಿತು.

ಅವಳು ಕುಂಚದಿಂದ ಮರಳನ್ನೆಲ್ಲ ಕೊಡವಿದಳು. ಹೊಸ ಅರಗಿನ ಡಬ್ಬಿ ಒಡೆದು ಬುಡದಿಂದಲೇ ಶುರು ಮಾಡಿದಳು; ಕೆಂಪು, ಕಪ್ಪು ನಾಲ್ಕೂ ಅಂಕಿಗಳ ಮೇಲೆ ತೆಳ್ಳಗೆ ಒಂದು ಪದರ ಎಳೆದು, ಅದು ಆರುವವರೆಗೆ ಕೈ ಕಟ್ಟಿ ಕೂತಳು. ಮೈಗೆ ಪೂರ್ತಿ ಬಳಿಯಲು ಇನ್ನೂ ಮೂರು ಡಬ್ಬಿ ಬೇಕಿತ್ತು. ಸಂಜೆಯವರೆಗೆ ಬೇಕಾದಷ್ಟು ಹೊತ್ತಿತ್ತು. ಕೆಳಗೆ ಚಕ್ರ ತಿರುಗುತ್ತಿರಲಿಲ್ಲ.